ಮಡಿ, ಮೈಲಿಗೆ, ಒಗೆತ: ಪುಣೆಯ ಕನ್ನಡ ಮನೆಗಳಲ್ಲಿ ಒಂದು ಆಚಾರದ ನಡೆ

ಕನ್ನಡದಲ್ಲಿ ಬಟ್ಟೆ ಒಗೆಯುವ ವೃತ್ತಿಯವನಿಗೆ ಅಗಸನೆಂಬ ಹೆಸರಿರುವಂತೆಯೇ ಮಡಿವಾಳನೆಂಬ ಹೆಸರೂ ಉಂಟು. ಮಡಿಯನ್ನು ಮಾಡಿಕೊಡುವವನು ಮಡಿವಾಳ. ಆದರೆ ಅದೇ ಮಡಿವಾಳನು ಒಗೆದು, ಉಬ್ಬೆ ಹಾಕಿ, ಗಂಜಿ ಕೊಟ್ಟು, ಮಡಿಸಿ ತಂದ ಧೋತರವು ಆಚಾರವಂತರ ಮನೆಯಲ್ಲಿ ಮಡಿಯೆನಿಸುತ್ತಿರಲಿಲ್ಲ. ಅದನ್ನು ಮನೆಯ ಬಾವಿಯ ನೀರಿನಲ್ಲಿ ಮತ್ತೊಮ್ಮೆ ಅದ್ದಿ, ಹಿಂಡಿ, ಯಾರ ಕೈಯೂ ತಾಗದ ಎತ್ತರದ ಗಳದ ಮೇಲೆ ಒಣಗಿಸಿದ ಬಳಿಕವೇ ಅದು ಪೂಜೆಗೂ ಅಡಿಗೆಗೂ ಸಲ್ಲುತ್ತಿತ್ತು. ಮಡಿಯ ಹೆಸರನ್ನೇ ಹೊತ್ತವನ ಕೈಯಿಂದ ಬಂದ ವಸ್ತ್ರ ಮೈಲಿಗೆ; ಸಾಬೂನನ್ನೇ ಕಾಣದೆ ಬರಿಯ ತಣ್ಣೀರಿನಲ್ಲಿ ಮುಳುಗಿ ಎದ್ದ ವಸ್ತ್ರ ಮಡಿ. ಊರು ಬಿಟ್ಟು ಪುಣೆಗೆ ಬಂದ ಕನ್ನಡ ಕುಟುಂಬಗಳು ತಮ್ಮ ಪಾತ್ರೆ ಪಡಗಗಳೊಡನೆ ಈ ವೈಚಿತ್ರ್ಯವನ್ನೂ ಕಟ್ಟಿಕೊಂಡು ಬಂದವು. ಅದು ಈ ನಗರದಲ್ಲಿ ಏನಾಯಿತೆಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ.

ಕೊಳೆ ಬೇರೆ, ಮೈಲಿಗೆ ಬೇರೆ ಎಂಬುದನ್ನು ಮೊದಲು ಗ್ರಹಿಸಬೇಕು. ಕೊಳೆಯು ಕಣ್ಣಿಗೆ ಕಾಣುವ ವಸ್ತು: ಬೆವರು, ಜಿಡ್ಡು, ಧೂಳು. ಮೈಲಿಗೆಯಾದರೋ ಒಂದು ಸಂಬಂಧ. ಯಾರು ಮುಟ್ಟಿದರು, ಯಾವ ಹೊತ್ತಿನಲ್ಲಿ ಮುಟ್ಟಿದರು, ಮುಟ್ಟಿದ ಮೇಲೆ ನೀರು ಬಿದ್ದಿತೇ ಇಲ್ಲವೇ ಎಂಬುದರಿಂದ ಅದು ನಿರ್ಣಯವಾಗುತ್ತದೆ. ಹಾಲಿನಂತೆ ಬೆಳ್ಳಗಿರುವ ಧೋತರ ಮೈಲಿಗೆಯಾಗಿರಬಹುದು. ಅರಿಸಿನದ ಕಲೆಯೂ ಒಲೆಯ ಹೊಗೆಯೂ ಹತ್ತಿದ ಪಂಚೆ ಮಡಿಯಾಗಿರಬಹುದು. ಮಡಿಯೆಂಬುದು ಆ ಸ್ಥಿತಿಗೂ ಹೆಸರು, ಆ ಸ್ಥಿತಿಯಲ್ಲಿರುವ ವಸ್ತ್ರಕ್ಕೂ ಹೆಸರು. ಆದುದರಿಂದಲೇ ಮಡಿಯಲ್ಲಿರುವುದು, ಮಡಿ ಉಡುವುದು, ಮಡಿ ಒಣಹಾಕುವುದು ಎಂಬ ಪ್ರಯೋಗಗಳೆಲ್ಲ ಸಾಧುವಾದುವು. ಮರಾಠಿಯಲ್ಲಿ ಇದಕ್ಕೆ ಸರಿಸಮನಾದುದು ಸೋವಳೆ. ಅದೂ ಸ್ಥಿತಿ ಮತ್ತು ವಸ್ತ್ರ ಎರಡನ್ನೂ ಹೇಳುತ್ತದೆ. ಮೈಲಿಗೆಗೆ ಅಲ್ಲಿ ಓವಳೆ. ಆದರೆ ಬಟ್ಟೆ ಒಗೆಯುವವನಿಗೆ ಮರಾಠಿ ಕೊಟ್ಟ ಹೆಸರು ಪರೀಟ. ಅದರಲ್ಲಿ ಸೋವಳೆಯ ಸುಳಿವೇ ಇಲ್ಲ. ಮೇಲೆ ಹೇಳಿದ ವೈಚಿತ್ರ್ಯವು ಕನ್ನಡದ ಕಿವಿಗೆ ಮಾತ್ರ ಕೇಳಿಸತಕ್ಕದ್ದು.

೧೯೫೬ರ ನವೆಂಬರಿನವರೆಗೆ ಧಾರವಾಡ, ವಿಜಾಪುರ, ಬೆಳಗಾವಿ, ಕಾರವಾರ ಪ್ರದೇಶಗಳು ಮುಂಬಯಿ ಆಡಳಿತಕ್ಕೆ ಸೇರಿದ್ದುವು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟುವವರೆಗೆ ಆ ಭಾಗದ ತರುಣರಿಗೆ ಉಚ್ಚ ಶಿಕ್ಷಣದ ಒಂದು ಮುಖ್ಯ ದಾರಿ ಪುಣೆಯ ಕಡೆಗೆ ಇತ್ತು. ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ದ. ರಾ. ಬೇಂದ್ರೆಯವರಂಥ ಹಲವರು ಆ ದಾರಿಯಿಂದ ಬಂದು ಹೋದವರು. ಉಳಿದುಕೊಂಡವರು ಲೆಕ್ಕಪತ್ರದ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಬ್ಯಾಂಕುಗಳಲ್ಲಿ, ಖಡಕಿಯ ಕಾರಖಾನೆಗಳಲ್ಲಿ ನೌಕರಿ ಹಿಡಿದು ಸದಾಶಿವ ಪೇಟೆ, ನಾರಾಯಣ ಪೇಟೆ, ಶನಿವಾರ ಪೇಟೆಗಳ ವಾಡೆಗಳಲ್ಲಿ ಬಾಡಿಗೆಯ ಕೋಣೆಗಳನ್ನು ಹಿಡಿದರು. ವಾಡೆಯೆಂದರೆ ನಡುವೆ ಚೌಕ, ಸುತ್ತಲೂ ಬಿಡಾರಗಳು. ಚೌಕದಲ್ಲಿ ಒಂದು ಬಾವಿ ಅಥವಾ ಹೌದು. ೧೮ನೆಯ ಶತಮಾನದ ನಡುಭಾಗದಲ್ಲಿ ನಾನಾಸಾಹೇಬ ಪೇಶವೆಯ ಆಳಿಕೆಯಲ್ಲಿ ಕಾತ್ರಜದ ಕೆರೆಯಿಂದ ನೆಲದೊಳಗಿನ ಕಾಲುವೆಯಲ್ಲಿ ನೀರನ್ನು ತಂದು ನಗರದ ಹೌದುಗಳಿಗೆ ಬಿಟ್ಟಿದ್ದರು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಖಡಕವಾಸಲೆಯ ಜಲಾಶಯವಾದ ಮೇಲೆ ನಳದ ನೀರೂ ಬಂದಿತು. ವಿಜಾಪುರದ ಸವಳು ನೀರಿನಲ್ಲಿ ಬೆಳೆದ ಗೃಹಿಣಿಗೆ ಇದೊಂದು ಐಶ್ವರ್ಯವಾಗಿ ತೋರಿರಬೇಕು. ಆದರೆ ಊರಿನ ಮನೆಯಲ್ಲಿ ಬಾವಿ ತನ್ನದು. ಇಲ್ಲಿ ಬಾವಿ ಹತ್ತು ಬಿಡಾರಗಳದು. ತೊಡಕು ಇಲ್ಲಿಂದ ಮೊದಲಾಯಿತು.

ಮಡಿಯ ದಿನಚರಿಯನ್ನು ಕಂಡರಿಯದ ಇಂದಿನ ವಾಚಕರಿಗೆ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. ಮನೆಯ ಸೊಸೆ ಅಥವಾ ಅತ್ತೆ ನಸುಕಿನಲ್ಲಿ ಮಿಂದು, ಹಿಂದಿನ ದಿನ ಗಳದ ಮೇಲೆ ಹಾಕಿದ್ದ ಸೀರೆಯನ್ನು ಕೋಲಿನಿಂದ ಎತ್ತಿ ಇಳಿಸಿ ಉಡುವಳು. ಆ ಗಳವು ಜಂತಿಗೆ ತೂಗುಹಾಕಿದ್ದು, ಮಕ್ಕಳ ಕೈಗೆ ಎಟುಕದಂತೆ ಎತ್ತರದಲ್ಲಿರುತ್ತಿತ್ತು. ಉಟ್ಟ ಮೇಲೆ ಅಡಿಗೆ, ನೈವೇದ್ಯ, ಊಟ ಮುಗಿಯುವವರೆಗೆ ಆಕೆಯನ್ನು ಯಾರೂ ಮುಟ್ಟುವಂತಿಲ್ಲ; ಅಳುವ ಕೂಸನ್ನು ಎತ್ತಿಕೊಳ್ಳಬೇಕಾದರೆ ಅದರ ಮೈಮೇಲಿನ ಅಂಗಿಯನ್ನು ತೆಗೆದಿರಬೇಕು. ಮೈಲಿಗೆ ಹತ್ತುವುದು ಮೈಗಿಂತ ಹತ್ತಿಯ ಬಟ್ಟೆಗೆ ಹೆಚ್ಚು ಎಂಬುದು ಇದರ ಹಿಂದಿನ ತರ್ಕ. ಊಟವಾದ ಬಳಿಕ ನಾಳೆಯ ಮಡಿಯನ್ನು ಮತ್ತೆ ತಾನೇ ಹಿಂಡಿ ಒಣಹಾಕಬೇಕು. ಒಂಬತ್ತು ಗಜದ ಸೀರೆಯೆಂದರೆ ಎಂಟು ಮೀಟರಿಗೂ ಮೀರಿದ ಬಟ್ಟೆ. ನೀರು ಕುಡಿದ ಅದನ್ನು ತಲೆಯ ಮೇಲಿನ ಗಳಕ್ಕೆ ಕೋಲಿನಿಂದ ಏರಿಸುವುದು ತೋಳಿನ ಬಲದ ಕೆಲಸ. ಧೋತರವನ್ನುಟ್ಟು ಪೂಜೆಗೆ ಕುಳಿತ ಗಂಡಸಿನ ಮಡಿಯೂ ಇದೇ ತೋಳಿನ ಫಲ.

ಪುಣೆಯ ಮಳೆಗಾಲ ಈ ವ್ಯವಸ್ಥೆಯನ್ನು ಪ್ರತಿ ವರುಷ ಪರೀಕ್ಷಿಸುತ್ತಿತ್ತು. ಆಷಾಢ ಶ್ರಾವಣಗಳಲ್ಲಿ ವಾಡೆಯ ಕತ್ತಲ ಕೋಣೆಯೊಳಗೆ ಹತ್ತಿಯ ಸೀರೆ ಎರಡು ದಿನಕ್ಕೂ ಒಣಗದು. ಆಗ ಒದ್ದೆಯನ್ನೇ ಉಡುವವರುಂಟು. ಪೆಟ್ಟಿಗೆಯಿಂದ ರೇಶಿಮೆಯ ಮಗುಟವನ್ನೋ ಉಣ್ಣೆಯ ಧಾಬಳಿಯನ್ನೋ ತೆಗೆಯುವವರುಂಟು. ಪಟ್ಟೆಗೆ ಮೈಲಿಗೆಯಿಲ್ಲ ಎಂಬ ಮಾತು ಎಲ್ಲ ಮನೆಗಳಲ್ಲಿಯೂ ಕೇಳಿಬರುವಂಥದು. ದಿನವೂ ಒಗೆದರೆ ಕೆಡುವ ವಸ್ತ್ರಕ್ಕೆ ದಿನವೂ ಒಗೆಯಬೇಕಾಗದ ಶುದ್ಧಿ!

ಇದು ಜನರ ಜಾಣ್ಮೆಯಷ್ಟೇ ಅಲ್ಲ, ಶಾಸ್ತ್ರವೂ ಹೀಗೆಯೇ ಬಾಗಿದೆ. ಧರ್ಮಶಾಸ್ತ್ರಗಳು ದ್ರವ್ಯಶುದ್ಧಿಯೆಂಬ ಪ್ರಕರಣದಲ್ಲಿ ವಸ್ತ್ರಗಳನ್ನು ವಿಚಾರಿಸುತ್ತವೆ. ಪುಣೆಯ ಭಾಂಡಾರಕರ ಪ್ರಾಚ್ಯ ಸಂಶೋಧನ ಮಂದಿರವು ೧೯೩೦ರಿಂದ ೧೯೬೨ರವರೆಗೆ ಪ್ರಕಟಿಸಿದ ಪಾಂ. ವಾ. ಕಾಣೆಯವರ ಧರ್ಮಶಾಸ್ತ್ರದ ಇತಿಹಾಸದ ನಾಲ್ಕನೆಯ ಸಂಪುಟದಲ್ಲಿ ಈ ವಿಷಯದ ಚರ್ಚೆ ದೊರೆಯುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯದ ಪ್ರಕಾರ ರೇಶಿಮೆ ಮತ್ತು ಉಣ್ಣೆಗಳಿಗೆ ಕ್ಷಾರಮೃತ್ತಿಕೆ ಅಂದರೆ ಸವಳು ಮಣ್ಣು, ಕಂಬಳಿಗೆ ಅಂಟುವಾಳದ ಕಾಯಿ, ನಾರಿನ ನವುರು ವಸ್ತ್ರಕ್ಕೆ ಬಿಲ್ವದ ಹಣ್ಣು, ಅಗಸೆನಾರಿನ ಬಟ್ಟೆಗೆ ಬಿಳಿಯ ಸಾಸಿವೆ ಶೋಧಕ ದ್ರವ್ಯಗಳು. ಇಲ್ಲಿಯವರೆಗೆ ಇದು ಒಗೆತದ ಶಾಸ್ತ್ರವೇ ಸರಿ. ಆದರೆ ಅದರ ಹತ್ತಿರದಲ್ಲಿಯೇ ಇನ್ನೊಂದು ವಿಧಿಯಿದೆ: ಧಾನ್ಯವಾಗಲಿ ವಸ್ತ್ರವಾಗಲಿ ರಾಶಿಯಾಗಿದ್ದರೆ ನೀರು ಚಿಮುಕಿಸಿದರೆ ಸಾಕು, ಅಲ್ಪವಾಗಿದ್ದರೆ ತೊಳೆಯಲೇಬೇಕು. ಒಂದೇ ಧೋತರವುಳ್ಳವನು ಅದನ್ನು ಒಗೆಯಬೇಕು, ನೂರು ಧೋತರಗಳ ವರ್ತಕನು ಪ್ರೋಕ್ಷಣೆ ಮಾಡಿದರೆ ಮುಗಿಯಿತು. ಸಣ್ಣ ಸಾಲಗಾರನಿಗೆ ಒಂದು ನಿಯಮ, ದೊಡ್ಡ ಸಾಲಗಾರನಿಗೆ ಒಂದು ನಿಯಮ ಎಂಬುದು ಇಂದಿನ ಕಾಲದ ಶೋಧವಲ್ಲವೆಂದು ತೋರುತ್ತದೆ. ಶುದ್ಧಿಯ ವಿಧಿಯು ನೀರಿನ ಪ್ರಮಾಣ, ವಸ್ತುವಿನ ಬೆಲೆ, ದುಡಿಮೆಯ ಭಾರ ಇವುಗಳನ್ನು ಅಳೆದು ನೋಡಿಯೇ ರೂಪುಗೊಂಡಿದೆಯೆಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಒಗೆಯುವವನ ಕುರಿತಾಗಿಯೂ ಗ್ರಂಥಗಳು ಮಾತನಾಡಿವೆ. ಅಗಸನು ನುಣುಪಾದ ಬೂರುಗದ ಹಲಗೆಯ ಮೇಲೆ ಮೆಲ್ಲಗೆ ಒಗೆಯಬೇಕು, ಒಬ್ಬರ ಬಟ್ಟೆಯನ್ನು ಇನ್ನೊಬ್ಬರದರಲ್ಲಿ ಬೆರೆಸಬಾರದು, ಇತರರಿಗೆ ಉಡಲು ಕೊಡಬಾರದು ಎಂದು ಮನುವಿನ ಎಂಟನೆಯ ಅಧ್ಯಾಯ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಣಕ್ಕೆ ತಂದ ಕೌಟಿಲ್ಯನ ಅರ್ಥಶಾಸ್ತ್ರವಂತೂ ಈ ವೃತ್ತಿಯನ್ನು ಲೆಕ್ಕಿಗನ ಕಣ್ಣಿನಿಂದ ನೋಡುತ್ತದೆ. ಮರದ ಹಲಗೆ ಅಥವಾ ನುಣ್ಣನೆಯ ಕಲ್ಲಿನ ಮೇಲಲ್ಲದೆ ಬೇರೆಡೆ ಒಗೆದರೆ ಬಟ್ಟೆಗೆ ಆದ ಹಾನಿಯ ಜೊತೆಗೆ ಆರು ಪಣ ದಂಡ. ಅಗಸನು ತಾನು ಉಡುವ ಬಟ್ಟೆಗೆ ಕೊಡತಿಯ ಗುರುತಿರಬೇಕು. ಗುರುತಿಲ್ಲದ್ದನ್ನು ಉಟ್ಟರೆ ಮೂರು ಪಣ. ಗಿರಾಕಿಯ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ, ಒತ್ತೆಯಿಟ್ಟರೆ ಹನ್ನೆರಡು ಪಣ. ಇದಕ್ಕಿಂತ ಸ್ವಾರಸ್ಯವಾದುದು ಮುಂದಿನ ವಿಧಿ: ಮೊದಲನೆಯ ಒಗೆತದಲ್ಲಿ ಬಟ್ಟೆಯ ಮೌಲ್ಯದ ನಾಲ್ಕನೆಯ ಒಂದು ಭಾಗ, ಎರಡನೆಯದರಲ್ಲಿ ಐದನೆಯ ಒಂದು ಭಾಗ ಕ್ಷಯವೆಂದು ಹಿಡಿಯಬೇಕು, ಮುಂದಿನ ಒಗೆತಗಳಿಗೂ ಇದೇ ಬಗೆಯ ಗಣನೆ. ಯಂತ್ರಸಾಮಗ್ರಿಯ ಸವಕಳಿಯನ್ನು ಇಂದಿನ ಲೆಕ್ಕಪುಸ್ತಕಗಳು ಕಳೆಯುವ ರೀತಿ ಇದೇ ಅಲ್ಲವೆ! ಗಮನಿಸತಕ್ಕದ್ದೆಂದರೆ, ಅರ್ಥಶಾಸ್ತ್ರದ ಈ ಭಾಗದಲ್ಲಿ ಅಗಸನ ಸ್ಪರ್ಶದ ಪ್ರಶ್ನೆಯೇ ಏಳುವುದಿಲ್ಲ. ರಾಜ್ಯಕ್ಕೆ ಬೇಕಾದುದು ಬಟ್ಟೆ ಹರಿಯದೆ, ಬದಲಾಗದೆ, ಹೇಳಿದ ದಿನಕ್ಕೆ ಹಿಂದಿರುಗುವುದು.

ಬಟ್ಟೆ ಬದಲಾಗದಂತೆ ನೋಡಿಕೊಳ್ಳುವ ಉಪಾಯವನ್ನು ಅಗಸರೇ ಬಲ್ಲವರಾಗಿದ್ದರು. ಕೇರುಕಾಯಿಯ ರಸದಿಂದ, ಅಂದರೆ ಮರಾಠಿಯ ಬಿಬ್ಬಾದಿಂದ, ಬಟ್ಟೆಯ ಅಂಚಿನಲ್ಲಿ ಚುಕ್ಕೆ ಗೆರೆಗಳ ಒಂದು ಗುರುತು ಹಾಕಿ ಸುಣ್ಣ ತಾಗಿಸುವರು. ಆ ರಸವು ಗಾಳಿಗೆ ಕಪ್ಪಾಗಿ ನಿಂತರೆ ಎಷ್ಟು ಕ್ಷಾರಕ್ಕೂ ಹೋಗದು. ಅಕ್ಷರವರಿಯದವರು ನೂರಾರು ಮನೆಗಳ ಗುರುತುಗಳನ್ನು ತಪ್ಪಿಲ್ಲದೆ ಓದುತ್ತಿದ್ದರು. ಉಬ್ಬೆಯ ವಿಚಾರವೂ ಹಾಗೆಯೇ. ಸವಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟು ಇರುತ್ತದೆ. ಅದರ ನೀರಿನಲ್ಲಿ ನೆನೆಸಿದ ಬಟ್ಟೆಗಳನ್ನು ದೊಡ್ಡ ಹಂಡೆಯ ಮೇಲೆ ಸುತ್ತಿ ಪೇರಿಸಿ ಕೆಳಗೆ ಉರಿ ಹಾಕಿದರೆ, ಬಿಸಿಯಾದ ಕ್ಷಾರವು ಜಿಡ್ಡನ್ನು ಸಾಬೂನಿನಂತೆ ಕರಗಿಸುತ್ತದೆ, ಆವಿಯು ಹೇನು ಕೂರೆ ಮೊದಲಾದ ಕ್ರಿಮಿಗಳನ್ನು ಕೊಲ್ಲುತ್ತದೆ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಉಬ್ಬೆಯಿಂದ ಇಳಿದ ಬಟ್ಟೆಗಿಂತ ನಿರ್ಮಲವಾದುದು ಆ ಕಾಲದ ಮನೆಯಲ್ಲಿ ಇರಲಾರದು. ಅದನ್ನು ಹತ್ತು ಕೊಡಗಳು ಇಳಿಯುವ ಬಾವಿಯ ನೀರಿನಲ್ಲಿ ಅದ್ದುವುದೇ ಶುದ್ಧಿಯೆನಿಸಿತು. ಅಗಸನ ವಿದ್ಯೆಗೆ ಬೆಲೆ ಕೊಟ್ಟ ಮನೆ ಅವನ ಕೈಗೆ ಬೆಲೆ ಕೊಡಲಿಲ್ಲ.

೧೨ನೆಯ ಶತಮಾನದ ಕಲ್ಯಾಣದಲ್ಲಿ ಈ ಪ್ರಶ್ನೆ ಎದ್ದುದುಂಟು. ಹಿಪ್ಪರಗಿಯ ಮಡಿವಾಳ ಮಾಚಯ್ಯನು ಶರಣರ ಬಟ್ಟೆಗಳನ್ನು ಮಾತ್ರ ಒಗೆಯುವ ನೇಮ ಹಿಡಿದಿದ್ದನೆಂದೂ, ಭವಿಗಳು ಆ ಗಂಟನ್ನು ಮುಟ್ಟದಂತೆ ಖಡ್ಗವನ್ನು ಹಿಡಿದು ನಡೆಯುತ್ತಿದ್ದನೆಂದೂ ಐತಿಹ್ಯ. ಇಲ್ಲಿ ಲೆಕ್ಕ ತಿರುಗುಮುರುಗಾಗಿದೆ. ಯಾರು ತನ್ನ ಗಂಟನ್ನು ಮುಟ್ಟಬಾರದೆಂಬುದನ್ನು ಒಗೆಯುವವನೇ ನಿರ್ಣಯಿಸುತ್ತಾನೆ. ಕಲಿದೇವರದೇವನ ಅಂಕಿತದಲ್ಲಿ ವಚನಗಳನ್ನು ನುಡಿದ ಈತನ ಹೆಸರಿನಲ್ಲಿ ಮಡಿವಾಳನೆಂಬ ಪದಕ್ಕೆ ಅದರ ಅಕ್ಷರಾರ್ಥ ಹಿಂದಿರುಗಿತು. ವೀರಶೈವ ಶಾಸ್ತ್ರವು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ತಿರಸ್ಕರಿಸಿದೆ. ಆಚರಣೆಯಲ್ಲಿ ಎಲ್ಲ ಮನೆಗಳೂ ಅಷ್ಟು ದೂರ ನಡೆದಿವೆಯೆಂದು ಹೇಳಲಾಗದಿದ್ದರೂ, ಪುಣೆಗೆ ಬಂದ ಲಿಂಗಾಯತ ಕುಟುಂಬಗಳ ಒಗೆತದ ನಿಯಮಗಳು ಮಾಧ್ವ ಸ್ಮಾರ್ತ ಕುಟುಂಬಗಳಷ್ಟು ಬಿಗಿಯಾಗಿರದಿದ್ದುದಕ್ಕೆ ಇದೂ ಒಂದು ಕಾರಣ.

ಪುಣೆಯಲ್ಲಿ ನೀರಿನ ಪ್ರಶ್ನೆಯು ಸ್ಪರ್ಶದ ಪ್ರಶ್ನೆಯಿಂದ ಎಂದೂ ಬೇರೆಯಾಗಿರಲಿಲ್ಲ. ಜ್ಯೋತಿಬಾ ಫುಲೆಯವರು ೧೮೬೮ರಲ್ಲಿ ತಮ್ಮ ಮನೆಯ ನೀರಿನ ಹೌದನ್ನು ಅಸ್ಪೃಶ್ಯರಿಗೆ ತೆರೆದುದು ನಗರದ ಇತಿಹಾಸದಲ್ಲಿ ದೊಡ್ಡ ಘಟನೆಯಾಯಿತು. ಆ ಬಳಿಕ ಶುದ್ಧಿಯ ಇನ್ನೊಂದು ಕಲ್ಪನೆ ಬಲಾತ್ಕಾರದಿಂದ ಮನೆಯೊಳಗೆ ನುಗ್ಗಿತು. ೧೮೯೭ರ ಪ್ಲೇಗಿನಲ್ಲಿ ರ‍್ಯಾಂಡನ ಕೈಕೆಳಗಿನ ಸೋಲ್ಜರರು ಪೇಟೆಗಳ ಮನೆಮನೆಯನ್ನು ಶೋಧಿಸಿ, ರೋಗ ಹೊಕ್ಕ ಮನೆಗಳ ಬಟ್ಟೆಬರೆಗಳನ್ನು ಹೊರಗೆಳೆದು ಸುಟ್ಟರು ಅಥವಾ ಔಷಧದ ನೀರಿನಲ್ಲಿ ಅದ್ದಿದರು. ದೇವರ ಕೋಣೆಗೆ ಬೂಟುಗಾಲಿಟ್ಟುದು ಜನರ ಕ್ರೋಧಕ್ಕೆ ಕಾರಣವಾಯಿತು. ಆ ವರುಷದ ಜೂನ್ ೨೨ರಂದು ರ‍್ಯಾಂಡನ ಮೇಲೆ ಗುಂಡು ಹಾರಿತು. ಒಂದೇ ಸೀರೆ ಒಂದು ಕಣ್ಣಿಗೆ ಮಡಿಯಾಗಿ, ಇನ್ನೊಂದು ಕಣ್ಣಿಗೆ ರೋಗದ ಬೀಜವಾಗಿ ತೋರಿದ ಪ್ರಸಂಗವಿದು. ಅಂಗಳದಲ್ಲಿ ಉರಿದ ಆ ಗಂಟುಗಳಲ್ಲಿ ವಿಧವೆಯರ ಕೆಂಪು ಸೀರೆಗಳೂ ಇದ್ದಿರಬೇಕು.

ವಿಧವೆಯ ಮಾತನ್ನು ಹಾರಿಸಿ ಮುಂದೆ ಹೋಗುವುದು ನ್ಯಾಯವಲ್ಲ. ಮಡಿಯನ್ನು ಅತ್ಯಂತ ಕಠಿನವಾಗಿ ಪಾಲಿಸಿದವಳು ತಲೆ ಬೋಳಿಸಿದ ವಿಧವೆ. ಮಡಿ ಹೆಂಗಸು ಎಂಬ ಮಾತಿಗೆ ಕನ್ನಡದಲ್ಲಿ ಆಕೆಯೆಂದೇ ಅರ್ಥ. ಮಂಗಳಕಾರ್ಯದಲ್ಲಿ ಎದುರಿಗೆ ಬರಬಾರದವಳ ಕೈಯ ಅಡಿಗೆ ದೇವರಿಗೂ ಪಿತೃಗಳಿಗೂ ಶ್ರೇಷ್ಠವೆನಿಸಿತ್ತು. ಮನೆಯವರ ಲೆಕ್ಕದಲ್ಲಿ ಆಕೆಗಿದ್ದ ಸ್ಥಾನಕ್ಕೆ ಆ ಒದ್ದೆ ಸೀರೆಯೇ ಆಧಾರ. ಧೋಂಡೊ ಕೇಶವ ಕರ್ವೆಯವರು ೧೮೯೬ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ಸ್ಥಾಪಿಸಿ, ಬಳಿಕ ಅದನ್ನು ಹಿಂಗಣೆಗೆ ಒಯ್ದರು. ಅಕ್ಷರ ಕಲಿತು ಉಪಾಧ್ಯಾಯಿನಿಯಾದ ಹೆಂಗಸಿಗೆ ಆ ಗಳದ ಆಧಾರ ಬೇಕಾಗಲಿಲ್ಲ. ಮಡಿಯನ್ನು ಸಡಿಲಿಸಿದವರಲ್ಲಿ ಆಧುನಿಕ ತರ್ಕವನ್ನು ಓದಿದ ಗಂಡಸರನ್ನು ಎಣಿಸುವ ಮೊದಲು ಇವರನ್ನು ಎಣಿಸಬೇಕು.

ಸಾಬೂನಿನ ಪ್ರವೇಶ ಸುಲಭವಾಗಿ ಆಗಲಿಲ್ಲ. ಇಂಗ್ಲೆಂಡಿನ ಸನ್‌ಲೈಟ್ ಸಾಬೂನು ೧೮೮೮ರಲ್ಲಿ ಕಲಕತ್ತೆಯ ಬಂದರಿಗೆ ಇಳಿಯಿತು. ಪ್ರಾಣಿಗಳ ಕೊಬ್ಬಿನ ಸಂಶಯವಿದ್ದುದರಿಂದ ಆಚಾರದ ಮನೆಗಳು ವಿಲಾಯತಿ ಸಾಬೂನನ್ನು ದೂರವಿಟ್ಟವು. ಮಡಿಬಟ್ಟೆಗಂತೂ ಅಂಟುವಾಳವೂ ಸೀಗೆಯೂ ಮಾತ್ರ. ಗೋದ್ರೇಜ್ ಸಂಸ್ಥೆಯು ೧೯೧೮ರ ಸುಮಾರಿಗೆ ಸಸ್ಯತೈಲದ ಸಾಬೂನನ್ನು ತಂದಾಗ ಸ್ವದೇಶಿಯ ಅಭಿಮಾನಕ್ಕೂ ಮಡಿಯ ಅಳುಕಿಗೂ ಒಟ್ಟಿಗೆ ಸಮಾಧಾನ ದೊರೆಯಿತು. ಸೀಗೆ ಅಂಟುವಾಳಗಳನ್ನು ಹಳೆಯ ಮೌಢ್ಯವೆಂದು ತಳ್ಳುವಂತೆಯೂ ಇಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಗಸಿಯಾಗುತ್ತವೆ, ನೊರೆಯೇಳುವುದಿಲ್ಲ, ಬಿಳಿಯ ಬಟ್ಟೆ ಬೂದಿಯಾಗುತ್ತದೆ. ಅಂಟುವಾಳದ ಸಪೋನಿನ್ ಎಂಬ ದ್ರವ್ಯಕ್ಕೆ ಈ ತೊಂದರೆ ಅಷ್ಟಿಲ್ಲ. ಬಯಲುಸೀಮೆಯ ಸವಳು ನೀರಿಗೆ ಅದು ಹೊಂದಿಕೊಂಡಿದ್ದ ವಸ್ತು. ೧೯೫೯ರಲ್ಲಿ ಸರ್ಫ್, ೧೯೬೯ರಲ್ಲಿ ಅಹಮದಾಬಾದಿನ ನಿರ್ಮಾ ಬಂದ ಮೇಲೆ ಗಡಸು ನೀರಿನ ತೊಡಕೂ ಹೋಯಿತು, ಕೊಬ್ಬಿನ ಪ್ರಶ್ನೆಯೂ ಹೋಯಿತು; ಈ ಪುಡಿಗಳ ಮುಖ್ಯ ಶೋಧಕ ದ್ರವ್ಯ ಖನಿಜತೈಲದಿಂದ ಆದುದು. ಕಲ್ಲೆಣ್ಣೆಗೆ ಮಡಿಯುಂಟೇ ಇಲ್ಲವೇ ಎಂದು ಯಾವ ಮನೆಯೂ ಕೇಳಿದಂತಿಲ್ಲ. ಶಾಸ್ತ್ರ ಹೆಸರಿಸದ ವಸ್ತುವಿಗೆ ಪ್ರವೇಶ ಸುಲಭ.

೧೯೬೧ರ ಜುಲೈ ೧೨ರಂದು ಕಟ್ಟಡ ಮುಗಿಯದಿದ್ದ ಪಾನಶೇತ ಅಣೆಕಟ್ಟು ಒಡೆಯಿತು. ಆ ನೀರಿನ ರಭಸಕ್ಕೆ ಖಡಕವಾಸಲೆಯೂ ಬಾಯಿಬಿಟ್ಟಿತು. ಮುಠಾ ನದಿಯ ದಡದ ಪೇಟೆಗಳಲ್ಲಿ ವಾಡೆಗಳು ಕುಸಿದವು. ಪ್ರವಾಹ ಇಳಿದ ಮೇಲೆ ನಗರದ ನಳಗಳಲ್ಲಿ ನೀರಿಲ್ಲ, ಮನೆಗಳಲ್ಲಿ ಮೊಣಕಾಲು ಕೆಸರು. ಇದ್ದ ಬಾವಿಗಳ ಬಳಿ ಎಲ್ಲ ಜಾತಿಯ, ಎಲ್ಲ ಭಾಷೆಯ ಹೆಂಗಸರು ಕೆಸರು ಮೆತ್ತಿದ ಬಟ್ಟೆಗಳನ್ನು ತಂದರು. ಆಪತ್ತಿನಲ್ಲಿ ದೋಷವಿಲ್ಲವೆಂಬ ವಿನಾಯಿತಿ ಶಾಸ್ತ್ರದಲ್ಲಿಯೇ ಉಂಟು. ಆದರೆ ಆ ಆಪತ್ತು ಮುಗಿದ ಬಳಿಕ ಹಲವು ಕುಟುಂಬಗಳಿಗೆ ಹಿಂದಿರುಗಲು ವಾಡೆಯೇ ಉಳಿದಿರಲಿಲ್ಲ. ಗೋಖಲೆನಗರದಂಥ ಹೊಸ ವಸಾಹತುಗಳಲ್ಲಿ, ಮುಂದೆ ಕೊಥರೂಡದ ಫ್ಲ್ಯಾಟುಗಳಲ್ಲಿ, ಜಂತಿಯೂ ಇಲ್ಲ ಗಳವೂ ಇಲ್ಲ. ಬಚ್ಚಲೂ ಮೋರಿಯೂ ಒಂದಾಗಿ, ಒಗೆಯುವ ಕಲ್ಲು ಮಾಯವಾಗಿ, ಬಟ್ಟೆ ಗ್ಯಾಲರಿಯ ಹಗ್ಗಕ್ಕೆ ಬಂದಿತು. ಗ್ಯಾಲರಿಯೆಂದರೆ ಮಕ್ಕಳು, ಕುಂಡಗಳು, ಸೈಕಲ್ಲು ಎಲ್ಲಕ್ಕೂ ಅದೇ ಜಾಗ. ನಿಯಮಗಳನ್ನು ಯಾರೂ ಸಭೆ ಸೇರಿ ರದ್ದು ಮಾಡಲಿಲ್ಲ. ಅವುಗಳಿಗೆ ಬೇಕಾದ ನೆಲ ಇಲ್ಲವಾಯಿತು.

ಬಿಟ್ಟುಹೋದ ಕ್ರಮವೂ ಅರ್ಥಗರ್ಭಿತವಾಗಿದೆ. ಮೊದಲು ಹೋದುದು ಊಟದ ಮಡಿ. ಎಂಟೂವರೆಯ ಬಸ್ಸು ಹಿಡಿಯುವ ಗುಮಾಸ್ತನು ಕಚೇರಿಯ ಪ್ಯಾಂಟಿನಲ್ಲಿಯೇ ಉಣತೊಡಗಿದನು. ಸೊಸೆಯೂ ನೌಕರಿಗೆ ಹೊರಟ ಮೇಲೆ ಅಡಿಗೆಯ ಮಡಿ ಹೋಯಿತು. ಪೂಜೆಯ ಮಡಿ ಹಬ್ಬಗಳಿಗೆ ಸರಿಯಿತು. ಶ್ರಾದ್ಧದ ಮಡಿ ಮಾತ್ರ ಇನ್ನೂ ಹಲವು ಮನೆಗಳಲ್ಲಿ ಗಟ್ಟಿಯಾಗಿ ನಿಂತಿದೆ. ದೇವರಿಗೆ ಸಮಜಾಯಿಷಿ ಹೇಳಬಹುದು, ಸತ್ತ ತಂದೆಗೆ ಹೇಳುವುದು ಕಷ್ಟವೆಂದು ತೋರುತ್ತದೆ.

ನೆಲ ಬದಲಾದರೂ ಕೈಯ ಪ್ರಶ್ನೆ ಉಳಿಯಿತು. ಪುಣೆಯ ಮನೆಗಳಲ್ಲಿ ಧುಣೀ-ಭಾಂಡೀ ಎಂದರೆ ಬಟ್ಟೆ ಒಗೆಯುವ, ಪಾತ್ರೆ ತಿಕ್ಕುವ ಕೆಲಸ. ಅದನ್ನು ಮಾಡುವವಳು ಮೋಲಕರೀಣ. ಅಗಸನು ವಾರಕ್ಕೊಮ್ಮೆ ಬರುತ್ತಿದ್ದನು, ಈಕೆ ದಿನವೂ ಬರುವವಳು. ಆಕೆ ಒಗೆದ ಬಟ್ಟೆಗಳ ಮೇಲೆ ಒಂದು ತಂಬಿಗೆ ನೀರು ಸುರಿದು ಒಳಗೆ ತೆಗೆದುಕೊಳ್ಳುವ ಪದ್ಧತಿ ಎಷ್ಟೋ ಮನೆಗಳಲ್ಲಿ ಇತ್ತು. ಆಕೆಯ ಕಣ್ಣೆದುರಿಗೇ ಸುರಿಯುತ್ತಿದ್ದರು. ೧೯೮೦ರಲ್ಲಿ ಈ ನಗರದ ಮನೆಗೆಲಸದ ಹೆಂಗಸರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಪುಣೆ ಶಹರ ಮೋಲಕರೀಣ ಸಂಘಟನೆ ಹುಟ್ಟಿದ್ದು ಆಗ. ಅವರು ಕೇಳಿದುದು ಕೂಲಿ ಮತ್ತು ರಜೆ. ಮಹಾರಾಷ್ಟ್ರವು ಮನೆಗೆಲಸದವರ ಕಲ್ಯಾಣ ಮಂಡಲಿಗಾಗಿ ಕಾಯಿದೆ ಮಾಡಿದುದು ೨೦೦೮ರಲ್ಲಿ. ಆ ತಂಬಿಗೆಯ ನೀರಿನ ವಿಚಾರ ಕಾಯಿದೆಯ ವ್ಯಾಪ್ತಿಗೆ ಬರತಕ್ಕದ್ದಲ್ಲ.

ಇದೇ ನಗರದಲ್ಲಿ ಕನ್ನಡವಾಡುವ ಇನ್ನೊಂದು ಜನವಿದೆ. ಕಲಬುರಗಿ, ವಿಜಾಪುರ, ಯಾದಗಿರಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕಾಗಿ ಬಂದು ತಗಡಿನ ಮನೆಗಳಲ್ಲಿರುವವರು. ಖಡಕವಾಸಲೆಯಿಂದ ನಗರದ ನಡುವೆ ಹಾದುಹೋಗುವ ಮುಠಾ ಕಾಲುವೆಯ ಕಟ್ಟೆಯ ಮೇಲೆ ಅರಿವೆಗಳನ್ನು ಕುಕ್ಕುವ, ಅಲುಬುವ, ಝಾಡಿಸಿ ಹರವುವ ಹೆಂಗಸರಲ್ಲಿ ಇವರೂ ಇದ್ದಾರೆ. ಫ್ಲ್ಯಾಟುಗಳ ಕನ್ನಡ ಮಕ್ಕಳು ಮರೆತಿರುವ ಈ ಕ್ರಿಯಾಪದಗಳು ಅಲ್ಲಿ ಜೀವಂತವಾಗಿವೆ. ಇವರಲ್ಲಿಯೂ ನಿಯಮಗಳಿಲ್ಲವೆಂದಲ್ಲ: ಹೆಣದ ಹಿಂದೆ ಹೋಗಿ ಬಂದವರು ಉಟ್ಟ ಬಟ್ಟೆಯಲ್ಲಿಯೇ ಮೀಯುವರು, ಬಾಣಂತಿಯ ಬಟ್ಟೆಗಳನ್ನು ಬೇರ್ಪಡಿಸುವರು, ಕೆಲವರು ಅಮಾವಾಸ್ಯೆಗೆ ಒಗೆಯರು. ಆದರೆ ಒಬ್ಬರು ಒಗೆದುದನ್ನು ಇನ್ನೊಬ್ಬರು ತೊಳೆದು ಶುದ್ಧಗೊಳಿಸುವ ಪ್ರಸಂಗವೇ ಇಲ್ಲಿ ಬಾರದು. ಅದಕ್ಕೆ ಬೇಕಾದ ಎರಡನೆಯ ಜೊತೆ ಕೈಗಳು ಬಾಡಿಗೆಗೆ ದೊರೆಯುವಷ್ಟು ಅನುಕೂಲ ಇವರಿಗಿಲ್ಲ. ಸಂಘಗಳ ಸಭಾಂಗಣದಲ್ಲಿ ಕನ್ನಡದ ಉಳಿವನ್ನು ಚರ್ಚಿಸುವಾಗ ಈ ಕಾಲುವೆಯ ಕಟ್ಟೆ ನೆನಪಿಗೆ ಬರುವುದು ಅಪರೂಪ.

ಯಂತ್ರ ಬಂದಾಗ ಸಮಸ್ಯೆ ಇತ್ಯರ್ಥವಾಯಿತೆಂದು ಹಲವರು ಭಾವಿಸಿದರು. ಅದಕ್ಕೆ ಜಾತಿಯಿಲ್ಲ, ಅದನ್ನು ಮುಟ್ಟುವವರು ಮನೆಯವರೇ. ಆದರೆ ಅದು ಬೆರೆಸುವ ಯಂತ್ರ. ಒಬ್ಬರ ಬಟ್ಟೆಯನ್ನು ಇನ್ನೊಬ್ಬರದರಲ್ಲಿ ಬೆರೆಸಬಾರದೆಂದು ಮನು ಅಗಸನಿಗೆ ಹೇಳಿದುದನ್ನು ಅದು ಪ್ರತಿದಿನ ಮೀರುತ್ತದೆ. ಮಾವನ ಪಂಚೆ, ಸೊಸೆಯ ಒಳಉಡುಪು, ಮಗುವಿನ ಚಡ್ಡಿ ಒಂದೇ ನೀರಿನಲ್ಲಿ ಸುತ್ತುವುದನ್ನು ಹಿರಿಯರು ಒಪ್ಪಲು ಹಲವು ವರುಷಗಳು ಬೇಕಾದವು. ಹಾಗಾಗಿ ಹೊಸ ನಿಯಮಗಳು ಹುಟ್ಟಿದವು: ಗಂಡಸರದು ಬೇರೆ ಸರದಿ, ಹೆಂಗಸರದು ಬೇರೆ, ದೇವರ ಮನೆಯ ವಸ್ತ್ರ ಕೈಯಲ್ಲಿಯೇ, ಮುಟ್ಟಿನ ದಿನಗಳ ಬಟ್ಟೆಯನ್ನು ಮೊದಲು ಬಚ್ಚಲಲ್ಲಿ ತೊಳೆದು ಆಮೇಲೆ ಯಂತ್ರಕ್ಕೆ. ಹಿಂದೆ ಕಾಗೆ ಮುಟ್ಟಿತೆಂದು ಮೂರು ದಿನ ಕಂಬಳಿಯ ಮೇಲೆ ಮೂಲೆಯಲ್ಲಿ ಕುಳಿತು, ನಾಲ್ಕನೆಯ ದಿನ ಎಲ್ಲವನ್ನೂ ತಾನೇ ಒಗೆದು ಒಳಗೆ ಬರುತ್ತಿದ್ದವಳಿಗೆ ಈಗ ಮೂಲೆಯಿಲ್ಲ; ಬಟ್ಟೆಯ ವಿಷಯದ ಮುಜುಗರ ಉಳಿದಿದೆ. ಎಷ್ಟೋ ಮನೆಗಳಲ್ಲಿ ಆ ಬಟ್ಟೆಗಳನ್ನು ಇಂದಿಗೂ ಬಿಸಿಲಿಗೆ ಹಾಕದೆ ಟವೆಲ್ಲಿನ ಮರೆಯಲ್ಲಿ ಒಣಗಿಸುತ್ತಾರೆ. ಬಿಸಿಲೇ ಕ್ರಿಮಿನಾಶಕವಾದುದರಿಂದ ಆರೋಗ್ಯಕ್ಕೆ ನೇರವಾಗಿ ಹಾನಿ ಮಾಡುವ ನಿಯಮ ಇದೊಂದು. ಅತ್ಯಂತ ಸುಲಭವಾಗಿ ಬಿಡಬಹುದಾಗಿದ್ದ ಇದನ್ನು ಅತ್ಯಂತ ಗಟ್ಟಿಯಾಗಿ ಹಿಡಿದಿರುವುದು ಯೋಚಿಸತಕ್ಕ ವಿಷಯ.

೨೦೨೦ರ ಮಾರ್ಚಿನಲ್ಲಿ ಕೋವಿಡ್ ಪುಣೆಯನ್ನು ಹೊಕ್ಕಾಗ, ಹೊರಗಿನಿಂದ ಬಂದವರು ಬಾಗಿಲಲ್ಲಿಯೇ ಬಟ್ಟೆ ಕಳಚಿ ಬಕೆಟ್ಟಿಗೆ ಹಾಕಿ, ಮಿಂದು ಒಳಗೆ ಬರತೊಡಗಿದರು. ಅಜ್ಜಿಯರು ಇದನ್ನು ಕಂಡು ತಮ್ಮ ಕಾಲದ ಮಡಿಯೇ ಸರಿಯೆಂದರು. ಈ ಹೋಲಿಕೆ ಮೇಲುಮೇಲಿನದು. ರೋಗದ ಭಯದಲ್ಲಿ ಹೊರಗಿನಿಂದ ಬಂದವನು ಯಜಮಾನನಾದರೂ ಸಂಶಯಾಸ್ಪದನೇ. ಮಡಿಯಲ್ಲಿ ಸಂಶಯವು ಯಾವಾಗಲೂ ಕೆಳಗಿನವರ ಕಡೆಗೆ ಹರಿಯುತ್ತಿತ್ತು. ಮೋಲಕರೀಣಿಯನ್ನು ಆ ದಿನಗಳಲ್ಲಿ ಮನೆಯೊಳಗೆ ಬಿಡದೆ, ಯಜಮಾನನ ಕಚೇರಿಯ ಅಂಗಿಯನ್ನು ಬಿಟ್ಟ ಮನೆಗಳಲ್ಲಿ ಮಾತ್ರ ಎರಡೂ ಒಂದಾದವು.

ಮಗುಟದ ಗತಿಯೊಂದು ಉಳಿಯಿತು. ಹಳೆಯ ರೇಶಿಮೆಯನ್ನು ಯಂತ್ರಕ್ಕೆ ಹಾಕುವಂತಿಲ್ಲ. ಅಂಟುವಾಳದಲ್ಲಿ ಒಗೆಯುವ ಕೈ ಮನೆಯಲ್ಲಿಲ್ಲ. ಅದು ಈಗ ಡ್ರೈಕ್ಲೀನಿಂಗ್ ಅಂಗಡಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ನೀರು ಸೋಂಕುವುದಿಲ್ಲ. ಖನಿಜತೈಲದಂಥ ದ್ರಾವಕದಲ್ಲಿ ಹತ್ತಾರು ಅಪರಿಚಿತರ ಕೋಟು ಸೀರೆಗಳೊಡನೆ ಸುತ್ತಿ, ಇಸ್ತ್ರಿಯಾಗಿ, ಅಂಚಿಗೆ ಕೇರುಕಾಯಿಯ ಗುರುತಿನ ಬದಲು ಕಾಗದದ ಚೀಟಿ ಚುಚ್ಚಿಸಿಕೊಂಡು ಹಿಂದಿರುಗುತ್ತದೆ. ಶ್ರಾದ್ಧದ ಹಿಂದಿನ ದಿನ ಕೆಲವು ಮನೆಗಳಲ್ಲಿ ಆ ಚೀಟಿಯನ್ನು ಬಿಚ್ಚಿ, ಮಡಿಕೆಯನ್ನು ಬಿಡಿಸಿ, ತುಳಸಿಯ ಎಸಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿ, ಗ್ಯಾಲರಿಯ ಹಗ್ಗದ ಒಂದು ತುದಿಗೆ ಹಾಕುತ್ತಾರೆ. ಮಕ್ಕಳಿಗೆ ಅದು ಸೋವಳೆಯೆಂದು ಗೊತ್ತಿದೆ. ಮುಟ್ಟಬೇಡವೆಂದು ಹೇಳುವಾಗ ಮಾತ್ರ ಅಜ್ಜಿಯ ಬಾಯಿಂದ ಮಡಿಯೆಂಬ ಕನ್ನಡದ ಮಾತು ಹೊರಡುತ್ತದೆ.